ಶ್ರೀರಂಗಪಟ್ಟಣದ ಮದ್ದಿನ ಮನೆಗಳು: ತುಂಬುವ ಕೆಲಸದ ಏರ್ಪಾಡನ್ನು ಕುರಿತು ಒಂದು ವಿಚಾರ

೧

ಕ್ರಿ. ಶ. ೧೭೯೯ನೆಯ ಇಸವಿ ಮೇ ತಿಂಗಳ ೪ನೆಯ ದಿನ ಶ್ರೀರಂಗಪಟ್ಟಣದ ಕೋಟೆಯು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ವಶವಾಯಿತೆಂಬುದು ಎಲ್ಲರಿಗೂ ತಿಳಿದ ವಿಷಯ. ಆ ಬಳಿಕ ಕಂಪನಿಯ ಅಧಿಕಾರಿಗಳು ಕೋಟೆಯೊಳಗೆ ದೊರೆತ ಯುದ್ಧಸಾಮಗ್ರಿಯನ್ನು ಎಣಿಸಿ ಪಟ್ಟಿಮಾಡಿದರು. ತೋಪುಗಳು ೯೨೯, ಅವುಗಳಲ್ಲಿ ಕೋಟೆಯ ಗೋಡೆಗಳ ಮೇಲೆ ಹೂಡಿದ್ದವು ೨೮೭. ಮದ್ದು ೫,೨೦,೦೦೦ ಪೌಂಡು. ಇವಲ್ಲದೆ ಲಕ್ಷಗಟ್ಟಲೆ ತೋಪಿನ ಗುಂಡುಗಳೂ ಸಾವಿರಗಟ್ಟಲೆ ಬಂದೂಕುಗಳೂ ಇದ್ದವು. ಈ ಅಂಕಿಗಳನ್ನು ನಮ್ಮ ಪಠ್ಯಪುಸ್ತಕಗಳು ಟಿಪ್ಪೂ ಸುಲ್ತಾನನ ಬಲದ ಅಳತೆಗೋಲಾಗಿ ಉದಾಹರಿಸುವುದುಂಟು.

ಆದರೆ ರಾಕೆಟ್ಟುಗಳಿಗೆ ಸಂಬಂಧಿಸಿದ ಲೆಕ್ಕವೊಂದು ಅಷ್ಟಾಗಿ ವಿದ್ವಾಂಸರ ಗಮನವನ್ನು ಸೆಳೆದಿಲ್ಲ. ಹಾರಿಸುವ ಸಾಧನಗಳು ೬೦೦, ಬಳಕೆಗೆ ಸಿದ್ಧವಾಗಿದ್ದ ರಾಕೆಟ್ಟುಗಳು ೭೦೦, ಮದ್ದು ತುಂಬದೆ ಬರಿದಾಗಿದ್ದ ಕೊಳವೆಗಳು ೯,೦೦೦ ದೊರೆತುವೆಂದು ಆ ಲೆಕ್ಕ ಹೇಳುತ್ತದೆ. ತುಂಬಿದ ಒಂದು ರಾಕೆಟ್ಟಿಗೆ ಬರಿಯ ಕೊಳವೆಗಳು ಹನ್ನೆರಡಕ್ಕೂ ಹೆಚ್ಚು! ಮುತ್ತಿಗೆಯ ನಡುವೆ, ಶತ್ರುವು ಗೋಡೆಯ ಬುಡದಲ್ಲಿ ನಿಂತಿರುವಾಗ, ಒಂಬತ್ತು ಸಾವಿರ ಕೊಳವೆಗಳು ಬರಿದಾಗಿಯೇ ಉಳಿದುದು ಏಕೆ?

ಮದ್ದಿನ ಅಭಾವವೇ ಕಾರಣವೆಂದು ಯಾರಾದರೂ ಹೇಳಬಹುದು. ಐದು ಲಕ್ಷ ಪೌಂಡಿಗೂ ಮಿಕ್ಕ ಮದ್ದು ಉಳಿದಿದ್ದ ಕೋಟೆಯಲ್ಲಿ ಈ ಮಾತು ನಿಲ್ಲುವುದಿಲ್ಲ. ತೋಪಿನ ಮದ್ದಿಗೂ ರಾಕೆಟ್ಟಿನ ಮದ್ದಿಗೂ ಮಿಶ್ರಣದಲ್ಲಿ ಭೇದವಿದ್ದರೂ ಮೂಲದ್ರವ್ಯಗಳು ಅವೇ. ಮತ್ತೊಂದು ಕಾರಣ ಹೆಚ್ಚು ವಿಚಾರಾರ್ಹವಾದುದು. ಮೇ ೨ನೆಯ ದಿನ, ಎಂದರೆ ಕೋಟೆ ಬೀಳುವುದಕ್ಕೆ ಎರಡು ದಿನ ಮುಂಚೆ, ಇಂಗ್ಲಿಷರ ಗುಂಡೊಂದು ಕೋಟೆಯೊಳಗಿನ ರಾಕೆಟ್ಟುಗಳ ಉಗ್ರಾಣಕ್ಕೆ ತಗುಲಿ ಅದು ಸ್ಫೋಟಗೊಂಡಿತು. ತುಂಬಿ ಸಿದ್ಧವಾಗಿದ್ದ ರಾಕೆಟ್ಟುಗಳಲ್ಲಿ ಒಂದು ಪಾಲು ಅಂದೇ ನಾಶವಾಗಿರಬೇಕು. ಆದಕಾರಣ ೭೦೦ ಎಂಬ ಸಂಖ್ಯೆಯನ್ನು ಮುತ್ತಿಗೆಯ ಆರಂಭದ ಸ್ಥಿತಿಗೆ ಅನ್ವಯಿಸುವುದು ಸಾಧುವಲ್ಲ.

ಹೀಗೆ ಒಪ್ಪಿಕೊಂಡ ಮೇಲೆಯೂ ಒಂದು ಸಂಗತಿ ಉಳಿಯುತ್ತದೆ. ಆ ಒಂಬತ್ತು ಸಾವಿರ ಕೊಳವೆಗಳು ಬೆಂಕಿಗೆ ಸಿಕ್ಕದೆ ಉಳಿದುದು ಅವು ಬರಿದಾಗಿದ್ದುದರಿಂದಲೇ, ಮದ್ದಿನಿಂದ ಬೇರೆಯಾಗಿ ಇದ್ದುದರಿಂದಲೇ. ಕೊಳವೆಯನ್ನು ಒಂದೆಡೆ, ಮದ್ದನ್ನು ಇನ್ನೊಂದೆಡೆ ಇರಿಸಿ, ಬೇಕಾದಾಗ ಬೇಕಾದಷ್ಟನ್ನೇ ತುಂಬುವ ಒಂದು ಏರ್ಪಾಡು ಇಲ್ಲಿ ಇತ್ತೆಂದು ಊಹಿಸಲು ಇದು ಆಧಾರವಾಗುತ್ತದೆ. ಶ್ರೀರಂಗಪಟ್ಟಣದ ಶಸ್ತ್ರಬಲವು ಯಾವುದೋ ಗುಪ್ತವಾದ ಮದ್ದಿನ ರಹಸ್ಯದಲ್ಲಿ ಇರಲಿಲ್ಲ, ಕೆಲಸದ ಜಾಗವನ್ನು ಅಣಿಗೊಳಿಸಿದ ಕ್ರಮದಲ್ಲಿ ಇತ್ತು ಎಂಬುದನ್ನು ಪ್ರತಿಪಾದಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಬ್ದಗಳನ್ನು ನೋಡೋಣ. ಕನ್ನಡದಲ್ಲಿ ಮದ್ದು ಎಂದರೆ ಔಷಧ. ಮದ್ದು ಎಂದರೆ ಸಿಡಿಯುವ ಪುಡಿಯೂ ಹೌದು. ಎರಡಕ್ಕೂ ಸಾಮಾನ್ಯವಾದ ಗುಣವೊಂದಿದೆ: ಅರೆಯುವುದು, ತೂಗುವುದು, ಬೆರಸುವುದು, ಅಳತೆ ಮೀರದಂತೆ ಕೊಡುವುದು. ಪಂಡಿತನ ಮನೆಯ ಕಲ್ಬತ್ತಿಗೂ ಮದ್ದಿನವನ ಒರಳಿಗೂ ಕೆಲಸ ಒಂದೇ ಜಾತಿಯದು. ಮದ್ದನ್ನು ಕೂಡಿಡುವ ಕಟ್ಟಡವನ್ನು ನಮ್ಮ ಜನ ಮದ್ದಿನ ಮನೆ ಎಂದೇ ಕರೆದರು. ರಾಕೆಟ್ಟಿಗೆ ಅಂದಿನ ಹೆಸರು ಬಾಣ. ಜಾತ್ರೆ ಉತ್ಸವಗಳ ಬಾಣಬಿರುಸು ಎಂಬ ಜೋಡುಮಾತಿನಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಅಳತೆಯ ಮದ್ದನ್ನು ಗುಂಡಿನೊಡನೆ ಸುತ್ತಿ ಸಿದ್ಧಗೊಳಿಸಿದುದಕ್ಕೆ ತೋಟಾ ಎಂಬ ಮಾತು ಬಳಕೆಯಲ್ಲಿದೆ.

ಮದ್ದಿನ ಮೂಲದ್ರವ್ಯಗಳು ಮೂರು: ಪೆಟ್ಲುಪ್ಪು, ಗಂಧಕ, ಇದ್ದಲು. ಇವುಗಳಲ್ಲಿ ಪೆಟ್ಲುಪ್ಪು ಹಳ್ಳಿಯ ಮಣ್ಣಿನಿಂದಲೇ ಬರುವಂಥದು. ಹಳೆಯ ಊರುಗಳ ಗೋಡೆಯ ಬುಡದಲ್ಲಿಯೂ ದನದ ಕೊಟ್ಟಿಗೆಗಳ ನೆಲದಲ್ಲಿಯೂ ಬಿಳಿಯ ಹೂವಿನಂತೆ ಏಳುವ ಲವಣವುಳ್ಳ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಕಾಯಿಸಿ, ಹರಳುಗಟ್ಟಿಸಿ ಅದನ್ನು ಪಡೆಯುತ್ತಿದ್ದರು. ಮಣ್ಣಿನಿಂದ ಉಪ್ಪನ್ನೂ ಪೆಟ್ಲುಪ್ಪನ್ನೂ ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತೆಂದು ಹತ್ತೊಂಬತ್ತನೆಯ ಮತ್ತು ಇಪ್ಪತ್ತನೆಯ ಶತಮಾನಗಳ ಜನಾಂಗವಿವರಣೆಗಳು ಹೇಳುತ್ತವೆ. ಇದ್ದಲು ಕಾಡಿನಿಂದ ಬರುತ್ತಿತ್ತು. ಗಂಧಕವು ಮಾತ್ರ ಮೈಸೂರು ನೆಲದಲ್ಲಿ ದೊರೆಯದು. ಅದು ವ್ಯಾಪಾರದ ಮೂಲಕವೇ ಬರಬೇಕು.

ಕೊಳವೆಯ ಕಬ್ಬಿಣಕ್ಕೂ ನಾಡಿನಲ್ಲಿ ಕೊರತೆಯಿರಲಿಲ್ಲ. ಕ್ರಿ. ಶ. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಮಾಗಡಿಯ ಕಡೆಯ ಕಬ್ಬಿಣದ ಕುಲುಮೆಗಳನ್ನೂ ಚನ್ನಪಟ್ಟಣದ ಉಕ್ಕಿನ ತಂತಿಯ ಕೆಲಸವನ್ನೂ ವರ್ಣಿಸಿದ್ದಾನೆ. ನಾಗಮಂಗಲವು ಹಿತ್ತಾಳೆ ಮತ್ತು ಕಂಚಿನ ಕೆಲಸಕ್ಕೆ ಹೆಸರುವಾಸಿಯಾದ ಊರು. ನಾಗಮಂಗಲದ ಕುಶಲಿಗಳು ರಾಕೆಟ್ಟಿನ ಕೊಳವೆಗಳನ್ನು ಮಾಡಿದರೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಲೋಹವನ್ನು ಬಡಿದು ತೆಳುಮಾಡಿ, ಬಾಗಿಸಿ, ಅಂಚು ಕೂಡಿಸುವ ಕೈಗಾರಿಕೆ ರಾಜಧಾನಿಯ ಸುತ್ತಣ ಸೀಮೆಗೆ ಹೊಸದಾಗಿರಲಿಲ್ಲ ಎಂಬುದಷ್ಟೇ ಇಲ್ಲಿ ಗ್ರಾಹ್ಯ.

ಕೊಳವೆಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಅದು ಬಡಿದ ಮೆದುಕಬ್ಬಿಣದಿಂದ ಮಾಡಿದ, ಸುಮಾರು ಎಂಟು ಅಂಗುಲ ಉದ್ದದ, ಒಂದೂವರೆಯಿಂದ ಮೂರು ಅಂಗುಲ ವ್ಯಾಸದ ಭಾಗ. ಒಂದು ತುದಿ ಮುಚ್ಚಿರುತ್ತದೆ. ಸುಮಾರು ನಾಲ್ಕು ಅಡಿ ಉದ್ದದ ಬಿದಿರಿನ ಗಳುವಿಗೆ ಅದನ್ನು ಬಿಗಿಯುತ್ತಿದ್ದರು. ಕೆಲವಕ್ಕೆ ಬಿದಿರಿನ ಬದಲು ಕತ್ತಿಯ ಅಲಗನ್ನು ಕಟ್ಟಿರುವುದೂ ಉಂಟು. ಕಾಗದದ ಅಥವಾ ಬಿದಿರಿನ ಕೊಳವೆಯು ತಡೆಯಲಾರದಷ್ಟು ಒತ್ತಡವನ್ನು ಕಬ್ಬಿಣದ ಕೊಳವೆ ತಡೆಯುತ್ತದೆ. ಮೈಸೂರಿನ ರಾಕೆಟ್ಟು ಅಂದಿನ ಯೂರೋಪಿನ ರಾಕೆಟ್ಟುಗಳಿಗಿಂತ ದೂರ ಹಾರುತ್ತಿದ್ದುದಕ್ಕೆ ಇದೇ ಮುಖ್ಯ ಕಾರಣ. ಆದರೆ ಗುಣವಿದ್ದಲ್ಲಿ ಅಪಾಯವೂ ಉಂಟು. ಕಬ್ಬಿಣವು ಕಲ್ಲಿಗೆ ತಾಗಿದರೆ ಕಿಡಿ ಹಾರುವುದು. ಆದುದರಿಂದ ಕೊಳವೆಯನ್ನು ಬಡಿಯುವ ಕುಲುಮೆಗೂ ಮದ್ದನ್ನು ಜಡಿಯುವ ಮನೆಗೂ ನಡುವೆ ಅಂತರವಿರಲೇ ಬೇಕು.

೩

ಈ ಅಂತರವನ್ನು ಶ್ರೀರಂಗಪಟ್ಟಣದಲ್ಲಿ ಹೇಗೆ ಸಾಧಿಸಿದ್ದರು? ೧೭೯೯ರ ಪಟ್ಟಿಯೇ ಇದಕ್ಕೆ ಉತ್ತರ ಕೊಡುತ್ತದೆ. ಅದರ ಪ್ರಕಾರ ಕೋಟೆಯಲ್ಲಿ ದೊಡ್ಡ ಮದ್ದಿನ ಮನೆಗಳು ೧೧. ದಿನಬಳಕೆಯ ಸಣ್ಣ ಮದ್ದಿನ ಮನೆಗಳು ೭೨. ಬಂದೂಕು ಮೊದಲಾದ ಕೈಯಾಯುಧಗಳನ್ನು ಮಾಡಿ ಪೂರೈಸುವ ಕಾರ್ಖಾನೆಗಳು ೧೧. ತೋಪಿನ ಎರಕದ ಮನೆಗಳು ೨. ತೋಪು ಬಂದೂಕುಗಳ ನಳಿಗೆಯನ್ನು ಕೊರೆಯುವ ಯಂತ್ರಗಳಿದ್ದ ಕಟ್ಟಡಗಳು ೩. ದೊಡ್ಡ ಆಯುಧಾಗಾರಗಳು ೪. ಇತರ ಸಾಮಗ್ರಿಗಳ ಉಗ್ರಾಣಗಳು ೧೭.

ಈ ಪಟ್ಟಿಯನ್ನು ಸಂಪತ್ತಿನ ಪಟ್ಟಿಯೆಂದು ಓದುವುದು ವಾಡಿಕೆ. ಅದನ್ನು ಒಂದು ಕೆಲಸದ ಮನೆಯ ನಕ್ಷೆಯೆಂದು ಓದಿದರೆ ಬೇರೆಯ ಅರ್ಥ ಹೊಳೆಯುತ್ತದೆ. ಬೆಂಕಿಯನ್ನು ಬೇಡುವ ಕೆಲಸಗಳು ಎರಕದ ಮನೆಗಳಲ್ಲಿ. ಕೊರೆಯುವ, ಅರೆಯುವ, ಹೊಂದಿಸುವ ಕೆಲಸಗಳು ಯಂತ್ರಶಾಲೆ ಮತ್ತು ಕಾರ್ಖಾನೆಗಳಲ್ಲಿ. ಮುಗಿದ ಆಯುಧಗಳು ಆಯುಧಾಗಾರಗಳಲ್ಲಿ. ಬೆಂಕಿಯನ್ನು ಸಹಿಸದ ಮದ್ದು ಪ್ರತ್ಯೇಕವಾದ ಮನೆಗಳಲ್ಲಿ. ಮದ್ದಿನಲ್ಲಿಯೂ ಎರಡು ವಿಭಾಗ. ಹನ್ನೊಂದು ದೊಡ್ಡ ಮನೆಗಳು ಕೂಡಿಡುವುದಕ್ಕೆ. ಎಪ್ಪತ್ತೆರಡು ಸಣ್ಣ ಮನೆಗಳು ಬುರುಜುಗಳಿಗೂ ತೋಪುಗಳಿಗೂ ದಿನದಿನಕ್ಕೆ ಬೇಕಾಗುವಷ್ಟನ್ನು ಒದಗಿಸುವುದಕ್ಕೆ. ಒಂದು ಸಣ್ಣ ಮನೆ ಹಾರಿಹೋದರೆ ಒಂದು ದಿನದ ಮದ್ದು ಹೋದೀತು, ಕೋಟೆ ಹೋಗಲಾರದು. ೫,೨೦,೦೦೦ ಪೌಂಡು, ಎಂದರೆ ಇಂದಿನ ಅಳತೆಯಲ್ಲಿ ಸುಮಾರು ೨೩೬ ಟನ್ನು ಮದ್ದು ಒಂದೇ ಸೂರಿನ ಕೆಳಗೆ ಇದ್ದಿದ್ದರೆ ಮೇ ೨ರಂಥ ಒಂದು ಗುಂಡಿಗೇ ಊರು ಉಳಿಯುತ್ತಿರಲಿಲ್ಲ.

ಇಂದಿಗೂ ಉಳಿದಿರುವ ಮದ್ದಿನ ಮನೆಗಳ ಕಟ್ಟಡಕ್ರಮವೂ ಇದೇ ವಿವೇಕವನ್ನು ತೋರಿಸುತ್ತದೆ. ಇಟ್ಟಿಗೆ ಗಾರೆಗಳಿಂದ ಕಟ್ಟಿದ ದಪ್ಪಗೋಡೆಗಳು, ಕಮಾನಿನ ಚಾವಣಿ, ನೆಲಮಟ್ಟಕ್ಕಿಂತ ಭಾಗಶಃ ತಗ್ಗಿನಲ್ಲಿ ಇಳಿದ ನೆಲೆ, ಇಕ್ಕಟ್ಟಾದ ಪ್ರವೇಶ. ನೆಲದೊಳಗೆ ಇಳಿದ ಕಟ್ಟಡಕ್ಕೆ ಹೊರಗಿನ ಗುಂಡು ತಗುಲುವುದು ಕಷ್ಟ. ಒಳಗೆ ಸ್ಫೋಟವಾದರೂ ಸುತ್ತಣ ಮಣ್ಣು ಅದರ ವೇಗವನ್ನು ತಡೆಯುತ್ತದೆ. ನೆಲದೊಳಗಿನ ಕಟ್ಟಡಕ್ಕೆ ತೇವವೇ ಶತ್ರು. ಕಾವೇರಿಯ ದ್ವೀಪದಲ್ಲಿ ಅದು ಸಣ್ಣ ಶತ್ರುವಲ್ಲ. ಪೆಟ್ಲುಪ್ಪು ಗಾಳಿಯ ತೇವವನ್ನು ಹೀರಿದರೆ ಮದ್ದು ಮಂಕಾಗುತ್ತದೆ. ಆದಕಾರಣ ಗಾರೆಯ ಕೆಲಸ ಗಟ್ಟಿಯಾಗಿರಬೇಕು, ಮದ್ದನ್ನು ಆಗಾಗ ಪರೀಕ್ಷಿಸಿ ಒಣಗಿಸಬೇಕು. ಮದ್ದಿನ ಮನೆಯ ಕಾವಲು ಸುಮ್ಮನೆ ನಿಲ್ಲುವ ಕೆಲಸವಾಗಿರಲಿಲ್ಲ.

ಜನರ ಏರ್ಪಾಡೂ ಇದಕ್ಕೆ ಅನುಗುಣವಾಗಿಯೇ ಇತ್ತು. ಟಿಪ್ಪೂ ಸುಲ್ತಾನನ ಕಾಲದಲ್ಲಿ ಪಾರಸಿಯಲ್ಲಿ ರಚಿತವಾದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಸೇನಾನಿಯಮಗಳ ಗ್ರಂಥವು ಪ್ರತಿಯೊಂದು ಕುಷೂನಿಗೂ, ಎಂದರೆ ಕಾಲಾಳುಗಳ ಪ್ರತಿಯೊಂದು ದೊಡ್ಡ ತುಕಡಿಗೂ, ೨೦೦ ಮಂದಿ ರಾಕೆಟ್ಟಿನವರನ್ನು ಗೊತ್ತುಮಾಡುತ್ತದೆ. ರಾಕೆಟ್ಟು ಹಬ್ಬದ ಆಟವಾಗಿ ಉಳಿಯದೆ ಸೇನೆಯ ನಿಯತವಾದ ಅಂಗವಾಯಿತು. ನಿಯತವಾದ ಅಂಗಕ್ಕೆ ನಿಯತವಾದ ಪೂರೈಕೆ ಬೇಕು; ಒಂದೇ ಅಳತೆಯ ಕೊಳವೆ ಬೇಕು; ಒಂದೇ ತೂಕದ ಮದ್ದು ಬೇಕು. ತುಂಬುವವನ ಕೈ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಹಾಕಿದರೆ ಹಾರಿಸುವವನ ಗುರಿಯ ಅಭ್ಯಾಸವೆಲ್ಲ ವ್ಯರ್ಥ.

೪

ಈ ಏರ್ಪಾಡಿನ ಬೆಲೆ ಯುದ್ಧಗಳಲ್ಲಿ ಹೇಗೆ ಕಂಡುಬಂದಿತೆಂಬುದನ್ನು ನಾಲ್ಕು ಸಂದರ್ಭಗಳಿಂದ ಪರಿಶೀಲಿಸಬಹುದು.

ಮೊದಲನೆಯದು ಕ್ರಿ. ಶ. ೧೭೭೧ರ ಮಾರ್ಚಿ ತಿಂಗಳಲ್ಲಿ ಇಂದಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ನಡೆದ ಯುದ್ಧ. ಮೇಲುಕೋಟೆಯ ಕಡೆಯಿಂದ ರಾಜಧಾನಿಗೆ ಹಿಮ್ಮೆಟ್ಟುತ್ತಿದ್ದ ಹೈದರಾಲಿಯ ಸೈನ್ಯವನ್ನು ತ್ರ್ಯಂಬಕರಾಯನ ಮರಾಠಾ ಸೈನ್ಯವು ಚದರಿಸಿಬಿಟ್ಟಿತು. ಹೈದರನು ತೋಪುಗಳನ್ನೂ ಸಾಮಗ್ರಿಯನ್ನೂ ಕಳೆದುಕೊಂಡು ಪ್ರಾಣಸಹಿತ ಶ್ರೀರಂಗಪಟ್ಟಣವನ್ನು ಸೇರಿದನು. ಆದರೂ ಅನಂತರ ಮರಾಠರು ಹಾಕಿದ ಮುತ್ತಿಗೆ ಫಲಿಸಲಿಲ್ಲ. ಬಯಲಿನಲ್ಲಿ ಸೋತ ಸೈನ್ಯ ಕೋಟೆಯಲ್ಲಿ ನಿಲ್ಲಬಲ್ಲುದಾದುದಕ್ಕೆ ನದಿಯೂ ಗೋಡೆಯೂ ಕಾರಣಗಳಾದುವೆಂಬುದು ನಿಜ. ಗೋಡೆಯ ಹಿಂದೆ ಸೋತವರ ಕೈಗೆ ಮತ್ತೆ ಮದ್ದು ಗುಂಡುಗಳನ್ನು ಒದಗಿಸುವ ಉಗ್ರಾಣ ಇಲ್ಲದಿದ್ದರೆ ಆ ಗೋಡೆಯಿಂದ ಏನು ಪ್ರಯೋಜನ?

ಎರಡನೆಯದು ೧೭೮೦ನೆಯ ಸೆಪ್ಟೆಂಬರ್ ೧೦ರಂದು ಕಾಂಚೀಪುರದ ಸಮೀಪ ನಡೆದ ಪೊಳ್ಳಿಲೂರಿನ ಯುದ್ಧ. ಯುದ್ಧದ ನಡುವೆ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸ್ಫೋಟಗೊಂಡುವು. ಮೈಸೂರಿನ ರಾಕೆಟ್ಟುಗಳೇ ಇದಕ್ಕೆ ಕಾರಣವೆಂದು ಅನೇಕ ಚರಿತ್ರಕಾರರ ಅಭಿಪ್ರಾಯ. ೧೭೮೪ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಈ ಯುದ್ಧದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕುಳಿತ ಬೈಲಿಯನ್ನೂ, ಅವನ ಸೈನ್ಯದ ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿಯನ್ನೂ ಚಿತ್ರಕಾರನು ಎಲ್ಲರಿಗೂ ಕಾಣುವಂತೆ ತೋರಿಸಿದ್ದಾನೆ. ನಮ್ಮ ವಿದ್ಯಾರ್ಥಿಗಳು ಆ ಗೋಡೆಯ ಮುಂದೆ ನಿಂತಾಗ ಆನೆ ಕುದುರೆಗಳನ್ನು ನೋಡುತ್ತಾರೆ. ಮದ್ದನ್ನು ಒಂದೆಡೆ ರಾಶಿಹಾಕಿ ರಣದ ನಡುವೆ ನಿಲ್ಲಿಸಿದ ಸೈನ್ಯಕ್ಕೆ ಏನಾಗುವುದೆಂಬ ಪಾಠವೂ ಅಲ್ಲಿಯೇ ಬರೆದಿದೆ.

ಮೂರನೆಯದು ೧೭೯೧ರ ಮೇ ತಿಂಗಳಿನದು. ಅರಕೆರೆಯ ಬಳಿ ಯುದ್ಧದಲ್ಲಿ ಮೇಲುಗೈ ಪಡೆದಿದ್ದರೂ ಲಾರ್ಡ್ ಕಾರ್ನ್‌ವಾಲಿಸನಿಗೆ ಕೋಟೆಯನ್ನು ಮುತ್ತಲು ಆಗಲಿಲ್ಲ. ದವಸವಿಲ್ಲದೆ, ಮೇವಿಲ್ಲದೆ, ತೋಪು ಎಳೆಯುವ ಎತ್ತುಗಳು ಸತ್ತುದರಿಂದ ಅವನು ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಿದನು. ಗುಂಡಿದ್ದರೂ ಮದ್ದಿದ್ದರೂ ಅವನ್ನು ಸಾಗಿಸುವ ಏರ್ಪಾಡು ಮುರಿದಾಗ ಎಲ್ಲವೂ ಭಾರವೇ.

ನಾಲ್ಕನೆಯದು ೧೭೯೯. ಏಪ್ರಿಲ್ ೫ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ದಾಳಿಯನ್ನು ಮೈಸೂರಿನವರು ಬಂದೂಕು ರಾಕೆಟ್ಟುಗಳಿಂದ ಚದರಿಸಿದರು. ಮರುದಿನ ಹಗಲಿನಲ್ಲಿ ತೋಪು ಇಂಗ್ಲಿಷರ ಕೈಸೇರಿತು. ಒಂದು ತಿಂಗಳೊಳಗೆ ಗೋಡೆ ಬಿರುಕುಬಿಟ್ಟಿತು. ಮೇ ೨ರ ಸ್ಫೋಟವೇ ಕೋಟೆಯ ಪತನಕ್ಕೆ ಕಾರಣವೆಂದು ಹೇಳುವುದು ಅತಿಶಯೋಕ್ತಿ. ವಾಯವ್ಯದ ಗೋಡೆಯ ಬಿರುಕು, ಹೊಳೆಯ ಇಳಿದ ನೀರು, ಎರಡು ಸೈನ್ಯಗಳ ಕೂಟ, ಒಳಗಿನವರ ದ್ರೋಹದ ಮಾತು, ಇವೆಲ್ಲ ಬೇರೆ ವಿಚಾರಕ್ಕೆ ಸೇರಿದುವು. ಆದರೆ ತುಂಬಿದುದು ಉರಿದುಹೋಗಿ, ತುಂಬದುದು ಉಳಿದುಕೊಂಡುದು ಆ ದಿನದ ನಿರ್ವಿವಾದವಾದ ಸಾಕ್ಷ್ಯ.

೫

ಕೋಟೆ ಬಿದ್ದ ಮೇಲೆಯೂ ಈ ಕೆಲಸ ಶ್ರೀರಂಗಪಟ್ಟಣದಿಂದ ಒಮ್ಮೆಗೇ ಹೋಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಂಪನಿಯು ತೋಪಿನ ಗಾಡಿಗಳ ಕಾರ್ಖಾನೆಯನ್ನು ಇಲ್ಲಿಯೇ ನಡೆಯಿಸಿ, ಬಳಿಕ ಅದನ್ನು ಮದರಾಸಿಗೆ ವರ್ಗಾಯಿಸಿತು. ಹೈದರ್ ಮತ್ತು ಟಿಪ್ಪೂ ಇವರ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತು. ಕಂಪನಿಯ ಸಿಪಾಯಿಗಳಿಗೂ ಅದು ನೆಲೆಯಾಯಿತು. ಇಂದು ಅದು ಪಾಂಡವಪುರ. ಅತ್ತಿಕುಪ್ಪೆಯು ೧೮೯೧ರಲ್ಲಿ ಕೃಷ್ಣರಾಜಪೇಟೆಯಾಯಿತು. ಹೀಗೆ ಹೆಸರುಗಳು ಮರೆಯಾದಂತೆ ಅವುಗಳೊಡನೆ ಸೇರಿದ ಸೈನಿಕ ಜೀವನದ ನೆನಪುಗಳೂ ಮರೆಯಾದುವು.

ಇತ್ತ ಮೈಸೂರಿನ ರಾಕೆಟ್ಟುಗಳ ಮಾದರಿಗಳು ಇಂಗ್ಲೆಂಡಿನ ವುಲಿಚ್ ಆಯುಧಾಗಾರಕ್ಕೆ ಹೋದುವು. ವಿಲಿಯಂ ಕಾಂಗ್ರೀವನು ಪ್ರಯೋಗಗಳನ್ನು ನಡೆಯಿಸಿ ರೂಪಿಸಿದ ರಾಕೆಟ್ಟುಗಳನ್ನು ೧೮೦೬ರಲ್ಲಿ ಬೂಲೋನಿನ ಮೇಲೆಯೂ ೧೮೦೭ರಲ್ಲಿ ಕೋಪನ್‌ಹೇಗನ್ನಿನ ಮೇಲೆಯೂ ಪ್ರಯೋಗಿಸಿದರು. ವಿಮಾನವಿಜ್ಞಾನಿ ರೊದ್ದಂ ನರಸಿಂಹ ಅವರು ೧೯೮೫ರ ತಮ್ಮ ಪ್ರಬಂಧದಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಹೋಲಿಸಿ ಚರ್ಚಿಸಿದ್ದಾರೆ. ಕುಶಲಿಯ ಕೈಯಲ್ಲಿದ್ದ ಜ್ಞಾನವು ಅಲ್ಲಿ ಕಾಗದದ ಮೇಲೆ ಇಳಿದು, ತೂಕ ಅಳತೆ ಪರೀಕ್ಷೆಗಳ ಕ್ರಮಕ್ಕೆ ಒಳಪಟ್ಟಿತು. ನಮ್ಮಲ್ಲಿ ಅದು ಕೈಯಿಂದ ಕೈಗೆ ಸಾಗಿ, ಕೈಗಳು ಚದರಿದಾಗ ತಾನೂ ಚದರಿತು. ಕೊಳವೆ ಬಡಿದವನ, ಪೆಟ್ಲುಪ್ಪು ಕಾಯಿಸಿದವನ, ಮದ್ದು ಜಡಿದವನ ಹೆಸರೊಂದೂ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ನಮ್ಮ ನಷ್ಟವು ಕೋಟೆಯ ನಷ್ಟಕ್ಕಿಂತ ಇಲ್ಲಿ ದೊಡ್ಡದೆಂದು ನನಗೆ ತೋರುತ್ತದೆ.

೬

ಆಯುಧಾಗಾರದ ಈ ಕ್ರಮವು ಕಾಲಾಂತರದಲ್ಲಿ ಒಬ್ಬ ಮನುಷ್ಯನ ಮೇಜಿನ ಅಳತೆಗೆ ಇಳಿದುಬಂದ ಬಗೆಯೂ ಗಮನಾರ್ಹ. ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯ ಕಾಲದಲ್ಲಿ ಪ್ರತಿಯೊಬ್ಬ ಬೇಟೆಗಾರನೂ ತನ್ನ ಮಟ್ಟಿಗೆ ಒಂದು ಮದ್ದಿನ ಮನೆಯನ್ನೇ ಇಟ್ಟುಕೊಳ್ಳಬೇಕಾಗಿತ್ತು. ಮಲೆನಾಡು ಕೊಡಗುಗಳಲ್ಲಿ ಮದ್ದಿಗೆ ಒಂದು ಕೊಂಬು ಅಥವಾ ಡಬ್ಬಿ, ಚರೆಗೆ ಒಂದು ಚೀಲ, ಕೇಪುಗಳಿಗೆ ಬೇರೊಂದು ಪೆಟ್ಟಿಗೆ. ಅಳೆಯಲು ಒಂದು ಪುಟ್ಟ ಪಾತ್ರೆ. ಜಡಿಯಲು ಒಂದು ಗಜ. ಮದ್ದು, ಚರೆ, ಕೇಪು ಒಂದೆಡೆ ಸೇರದಂತೆ ನೋಡಿಕೊಳ್ಳುವುದು ಮನೆಯ ಹಿರಿಯರು ಮಕ್ಕಳಿಗೆ ಕಲಿಸುವ ಮೊದಲ ಪಾಠ. ಎಪ್ಪತ್ತೆರಡು ಸಣ್ಣ ಮದ್ದಿನ ಮನೆಗಳ ತತ್ತ್ವಕ್ಕೂ ಈ ಮೂರು ಡಬ್ಬಿಗಳ ತತ್ತ್ವಕ್ಕೂ ಭೇದವಿಲ್ಲ.

೧೮೬೬ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬಾಕ್ಸರನೂ ಅಮೆರಿಕದಲ್ಲಿ ಬರ್ಡನನೂ ನಡುವೆ ಕೇಪು ಕೂರಿಸುವ ಲೋಹದ ತೋಟಾಗಳನ್ನು ರೂಪಿಸಿದ ಮೇಲೆ ಹೊಸದೊಂದು ಸಂಗತಿ ಸಾಧ್ಯವಾಯಿತು. ಹಾರಿದ ಮೇಲೆಯೂ ಹಿತ್ತಾಳೆಯ ಕೋಶ ಉಳಿಯುತ್ತದೆ. ಅದನ್ನು ಮತ್ತೆ ತುಂಬಬಹುದು. ಅಮೆರಿಕದ ಬೇಟೆಗಾರರಲ್ಲಿಯೂ ಗುರಿಕಾರರಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮನೆಯಲ್ಲಿಯೇ ತೋಟಾ ತುಂಬುವ ಅಭ್ಯಾಸ ಬೆಳೆಯಿತು. ಅದಕ್ಕೆಂದೇ ಕೈಪಕ್ಕಡುಗಳೂ ಕೈಪಿಡಿಗಳೂ ಬಂದುವು. ಗಟ್ಟಿಯಾದ ಮೇಜು, ತಕ್ಕಡಿ, ಒಂದು ವೇಳೆಗೆ ಒಂದೇ ಜಾತಿಯ ಮದ್ದು, ತುಂಬಿದುದಕ್ಕೂ ತುಂಬದುದಕ್ಕೂ ಬೇರೆ ಬೇರೆ ತಟ್ಟೆ, ಪ್ರತಿಯೊಂದು ತಂಡಕ್ಕೂ ಬರೆದಿಟ್ಟ ಲೆಕ್ಕ: ಆ ಮೇಜಿನ ಶಿಸ್ತು ಇಷ್ಟು. ಮೈಸೂರಿನ ರಾಕೆಟ್ಟಿನ ಕೊಳವೆ ಹಾರಿಹೋದರೆ ಮತ್ತೆ ಬಾರದು ಎಂಬ ಭೇದವಿದ್ದರೂ, ತುಂಬುವ ಕೆಲಸದ ನೀತಿ ಎರಡೆಡೆಯಲ್ಲಿಯೂ ಒಂದೇ.

ನಮ್ಮ ದೇಶದಲ್ಲಿ ಈ ಕೆಲಸವು ಮನೆಗೆ ಇಳಿಯದಂತೆ ಕಾನೂನು ತಡೆಯಿತು. ೧೮೭೮ರ ಆಯುಧಗಳ ಕಾಯಿದೆಯೂ ಅದರ ಸ್ಥಾನದಲ್ಲಿ ಬಂದ ೧೯೫೯ರ ಕಾಯಿದೆಯೂ ಆಯುಧ ಮತ್ತು ಮದ್ದುಗುಂಡುಗಳ ತಯಾರಿಕೆಯನ್ನು ಲೈಸೆನ್ಸಿಗೆ ಒಳಪಡಿಸಿದುವು. ಮದ್ದಿನ ತಯಾರಿಕೆ ಸಂಗ್ರಹಗಳಿಗೆ ೧೮೮೪ರ ಸ್ಫೋಟಕಗಳ ಕಾಯಿದೆ ಅನ್ವಯಿಸುತ್ತದೆ. ಕೊಡಗಿಗೆ ೧೮೬೧ರಲ್ಲಿ ಮಾರ್ಕ್ ಕಬ್ಬನ್ನನ ಕಾಲದಲ್ಲಿ ದೊರೆತ ವಿನಾಯಿತಿಯು ರೂಪಾಂತರ ಹೊಂದಿ ಇಂದಿಗೂ ನಡೆದುಬಂದಿದೆ. ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಲಾಯಿತು, ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡ‍ಿಯಿತು. ಆದರೆ ಅದು ಕೋವಿಯನ್ನು ಹೊಂದುವ ವಿನಾಯಿತಿಯೇ ಹೊರತು ತಯಾರಿಸುವ ವಿನಾಯಿತಿಯಲ್ಲ. ೧೯೫೯ರ ಕಾಯಿದೆಯು ಬೆಳೆಯ ರಕ್ಷಣೆಗಾಗಿ ನಳಿಗೆಯ ಬಾಯಿಂದ ತುಂಬುವ ಕೋವಿಯನ್ನು ಹೆಸರಿಸಿ ಹೇಳುತ್ತದೆ. ಹೈದರನ ಕಾಲದ ತಂತ್ರವೊಂದು ರೈತನ ಹೊಲದ ಅಂಚಿನಲ್ಲಿ ಇಂದಿಗೂ ಕಾನೂನಿನ ಮಾತಿನಲ್ಲಿ ಬದುಕಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ಬಾಗಿಲನ್ನು ಮುಚ್ಚಿತು. ೧೭೭೧ರಲ್ಲಿ ಎರಡು ಸೈನ್ಯಗಳು ಹಾದುಹೋದ ಮೇಲುಕೋಟೆಯ ಬೆಟ್ಟಗಳಲ್ಲಿ ೧೯೭೪ರಿಂದ ವನ್ಯಧಾಮವಿದೆ.

೭

ಇನ್ನು ಉಳಿದಿರುವ ಸಾಕ್ಷ್ಯಗಳ ಮಾತು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, ೨೦೦೨ರಲ್ಲಿ ಒಂದು ತೋಟದ ಬಾವಿಯಿಂದ ಸುಮಾರು ೧೬೦ ಕಬ್ಬಿಣದ ಕೊಳವೆಗಳು ದೊರೆತುವು. ಮೊದಲು ಅವನ್ನು ಗುಂಡುಗಳೆಂದು ತಿಳಿದು ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದರು. ಅವು ರಾಕೆಟ್ಟುಗಳೆಂದು ಗುರುತು ಹತ್ತಿದುದು ಕೆಲವು ವರ್ಷಗಳ ಅನಂತರ. ೨೦೧೮ರಲ್ಲಿ ಪ್ರಾಚ್ಯವಸ್ತು ಇಲಾಖೆಯವರು ಬಾವಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ದೊರೆತುವು. ಅಲ್ಲಿಯ ಮಣ್ಣಿಗೆ ಮದ್ದಿನ ವಾಸನೆಯಿತ್ತೆಂದು ಅಂದಿನ ವರದಿಗಳು ತಿಳಿಸಿದುವು. ಶ್ರೀರಂಗಪಟ್ಟಣದ ಒಂಬತ್ತು ಸಾವಿರ ಕೊಳವೆಗಳಂತೆ ಇವೂ ಹಾರದೆ ಉಳಿದು ನಮಗೆ ಮಾತಾಡುತ್ತಿವೆ.

ಶ್ರೀರಂಗಪಟ್ಟಣದ ಮದ್ದಿನ ಮನೆಗಳ ಗತಿ ಇಷ್ಟು ನಿಶ್ಚಿತವಲ್ಲ. ೧೮೮೨ರಲ್ಲಿ ಮೈಸೂರನ್ನು ತಲಪಿದ ರೈಲುಮಾರ್ಗವು ಕೋಟೆಯನ್ನು ಸೀಳಿಕೊಂಡೇ ಸಾಗಿತು. ಬೆಂಗಳೂರು ಮೈಸೂರು ಮಾರ್ಗವನ್ನು ಜೋಡಿಗೊಳಿಸುವಾಗ ದಾರಿಗೆ ಅಡ್ಡವಾದ ಒಂದು ಮದ್ದಿನ ಮನೆಯನ್ನು ಕೆಡವದೆ, ಸುಮಾರು ಸಾವಿರ ಟನ್ನು ಭಾರದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ, ೨೦೧೭ರ ಮಾರ್ಚಿಯಲ್ಲಿ ಸುಮಾರು ೧೩೦ ಮೀಟರು ದೂರಕ್ಕೆ ಸರಿಸಿದರು. ಇದು ಶ್ಲಾಘ್ಯವಾದ ಕಾರ್ಯ. ಆದರೆ ಕಟ್ಟಡ ಉಳಿದರೂ ಸ್ಥಾನ ತಪ್ಪಿತು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿ ಮರೆಯಬಾರದು. ಈ ಲೇಖನದ ವಾದವೇ ಮದ್ದಿನ ಮನೆಗಳ ನಡುವಣ ಅಂತರಗಳನ್ನು ಆಧರಿಸಿದೆ. ಯಾವ ಮನೆ ಯಾವ ಬುರುಜಿಗೆ ಎಷ್ಟು ದೂರದಲ್ಲಿತ್ತು, ಬಾಗಿಲು ಯಾವ ದಿಕ್ಕಿಗಿತ್ತು, ಕುಲುಮೆಯ ನೆಲೆಯಿಂದ ಎಷ್ಟು ಹೆಜ್ಜೆ ಎಂಬುದೇ ಇಲ್ಲಿಯ ಶಾಸನ. ಸ್ಥಾನ ಹೋದರೆ ಆ ಶಾಸನದ ಅಕ್ಷರ ಅಳಿದಂತೆ.

ಆದಕಾರಣ ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಅರಿಕೆ. ಶ್ರೀರಂಗಪಟ್ಟಣದಲ್ಲಿ ಉಳಿದಿರುವ ಮದ್ದಿನ ಮನೆಗಳ ಅಳತೆ ಮತ್ತು ಪರಸ್ಪರ ದೂರಗಳ ನಕ್ಷೆಯನ್ನು ವಿದ್ಯಾರ್ಥಿಗಳಿಂದ ಮಾಡಿಸಬೇಕು. ಪಾಂಡವಪುರದ ಹಳೆಯ ದಂಡಿನ ನೆಲೆಯನ್ನೂ, ಕೃಷ್ಣರಾಜಪೇಟೆ ತಾಲ್ಲೂಕಿನ ನಾರಾಯಣದುರ್ಗದಂಥ ಬೆಟ್ಟದ ಕೋಟೆಗಳನ್ನೂ ಇದೇ ದೃಷ್ಟಿಯಿಂದ ಶೋಧಿಸಬೇಕು. ನಾಗಮಂಗಲದ ಲೋಹದ ಕೆಲಸದವರ ಮನೆಗಳಲ್ಲಿ ಬಡಿಯುವ, ಕೂಡಿಸುವ, ಎರಕ ಹೊಯ್ಯುವ ಕೆಲಸದ ಮಾತುಗಳು ಇನ್ನೂ ನಾಲಗೆಯ ಮೇಲಿವೆ, ಅವನ್ನು ಬರೆದುಕೊಳ್ಳಬೇಕು. ಸಿಕ್ಕಿದ ಗುಂಡು ಕೊಳವೆಗಳನ್ನು ಮನೆಗೆ ಒಯ್ಯದೆ, ತೆರೆಯದೆ, ಬಡಿಯದೆ, ಪ್ರಾಚ್ಯವಸ್ತು ಇಲಾಖೆಗೆ ತಿಳಿಸಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಎರಡು ಶತಮಾನ ಕಳೆದರೂ ಮದ್ದು ಮದ್ದೇ.

ರಾಕೆಟ್ಟು ಎಷ್ಟು ದೂರ ಹಾರಿತೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಂಡಿದ್ದೇವೆ. ಅದನ್ನು ತುಂಬಿದವರು ಕೊಳವೆಗೂ ಮದ್ದಿಗೂ ನಡುವೆ ಎಷ್ಟು ದೂರವಿಟ್ಟಿದ್ದರೆಂಬುದನ್ನು ಅಳೆಯುವ ಕೆಲಸ ಇನ್ನೂ ಬಾಕಿಯಿದೆ. ಅದಕ್ಕೆ ಬೇಕಾಗುವುದು ಒಂದು ಅಳತೆಯ ಪಟ್ಟಿ, ಒಂದು ಲೆಕ್ಕದ ಪುಸ್ತಕ, ಹಾಗೂ ಮುಂದಿನ ಮಾರ್ಗ ಅಗಲವಾಗುವುದಕ್ಕೆ ಮುಂಚಿನ ಒಂದು ಬೇಸಗೆಯ ರಜೆ.